ಎಲೆಯಡಿಕೆಯ ಹೊತ್ತು

ನಮ್ಮ ಮನೆಯ ಉಪ್ಪಿನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಸಕ್ಕರೆ' ಎಂದು ಬರೆದಿದೆ. ಮಂಡ್ಯದಲ್ಲಿದ್ದುಕೊಂಡು ಸಕ್ಕರೆಗೆ ಈ ಅಪಚಾರವೇ ಎಂದು ತಾವು ಹುಬ್ಬೇರಿಸಬಹುದು. ಆದರೆ ಇಷ್ಟು ವರ್ಷಗಳಲ್ಲಿ ನಮ್ಮ ಮನೆಯವರಾರೂ ಎಡವಿಲ್ಲ, ಎಡವಿದವರೆಲ್ಲ ಸಹಾಯ ಮಾಡುತ್ತೇವೆಂದು ಅಡುಗೆಮನೆಗೆ ನುಗ್ಗಿದ ಅತಿಥಿಗಳೇ. ಒಮ್ಮೆ ನಾನು, ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು, ಶಿಸ್ತಿನ ಮದವೇರಿ ಆ ಚೀಟಿ ಕಿತ್ತು 'ಉಪ್ಪು' ಎಂದು ಅಂಟಿಸಿದೆ. ಚೀಟಿಯನ್ನು ತಿರುಗಾಮುರುಗಾ ಓದಿಯೇ ರೂಢಿಯಾಗಿದ್ದ ನನ್ನ ಹೆಂಡತಿ ಅಂದು ಮಾಡಿದ ಪಾಯಸವನ್ನು ಬೀದಿನಾಯಿಯೂ ಮೂಸಲಿಲ್ಲ. ಹಳೆಯ ಚೀಟಿ ಸಂಜೆಯೇ ಮರಳಿ ಬಂತು.

ಅದರಿಂದ ನಾನು ಕಲಿತದ್ದೇನೂ ಇಲ್ಲವೆಂಬುದಕ್ಕೆ ಮಳವಳ್ಳಿಯ ನನ್ನ ಸೋದರತ್ತೆ ಪುಟ್ಟತಾಯಮ್ಮನವರೇ ಸಾಕ್ಷಿ. ಎಪ್ಪತ್ತೆಂಟರ ಅತ್ತೆಗೆ ಇನ್ನೂರು ಸೋಬಾನೆ ಪದಗಳು ಕಂಠಸ್ಥ. ಊರಿನಲ್ಲಿ ಬೇರೆ ಯಾರಿಗೂ ಹತ್ತು ಕೂಡ ಬಾರದು. "ಮೊಮ್ಮಗಳ ಮದ್ವೆವೊತ್ಗೆ ಎಲ್ಲನೂವೆ ಬರ್ದಿಟ್ಬುಡ್ತೀನಿ ಕಣ್ಲಾ, ನಾ ಓಗ್ಬುಟ್ಮೇಲೆ ಯೋಳೋರು ಯಾರು?" ಎಂದು, ನಾನು ಕೊಟ್ಟ ಮುದಿ ಕಂಪ್ಯೂಟರಿನ ಮುಂದೆ ಕೂತು, ಒಂದೇ ಬೆರಳಿನಲ್ಲಿ ನೂರ ನಲವತ್ತಮೂರು ಪದ ಕುಟ್ಟಿದ್ದರು. ಅಷ್ಟರಲ್ಲಿ ಹಲ್ಲಿಯೊಂದು ಯಂತ್ರದ ಗರ್ಭ ಪ್ರವೇಶಿಸಿ, ತಾನೂ ಸತ್ತು ಅದನ್ನೂ ಸಾಯಿಸಿತು. ಬರೆದದ್ದು ಡಿಸ್ಕಿನಲ್ಲಿ ಉಳಿಯಿತು, ಯಂತ್ರ ಉಳಿಯಲಿಲ್ಲ.

ಅತ್ತೆಯ ಮಗ ಹೊಚ್ಚಹೊಸ ಯಂತ್ರ ತಂದ. ಅತ್ತೆ ಒಮ್ಮೆ ನೋಡಿ, "ಇದ್ಯಾರ ಮನೆಗ್ಲಾ ನನ್ನ ಕರ್ಕಬಂದೆ? ಬಾಗ್ಲೆಲ್ಲಿ, ಒಲೆಯೆಲ್ಲಿ? ಎತ್ಕಂಡೋಗು!" ಎಂದು ಎದ್ದೇಬಿಟ್ಟರು. ಪರದೆಯ ಮೇಲಿನ ಕಿಟಕಿ, ಗುಂಡಿ, ಚಿತ್ರಗಳ ಆ ಸಂಸಾರವನ್ನು ಡೆಸ್ಕ್‌ಟಾಪ್ ಎನ್ನುತ್ತಾರಷ್ಟೆ. ಅತ್ತೆಗೆ ಅದೇ ಮನೆ. ಹಳೆಯ ಮನೆಯನ್ನೇ ಹೊಸ ಯಂತ್ರದೊಳಗೆ ಕೂರಿಸಿಕೊಡುತ್ತೇನೆಂದು ನಾನು ಎದೆ ತಟ್ಟಿ ಹೇಳಿದೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಆಮೇಲೆ ತಿಳಿಯಿತು.

ಮದ್ದೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಹಳೆಯ ಶಿಷ್ಯ ನಸೀರ್ ಹೊಸ ಯಂತ್ರ ಬಿಚ್ಚಿ ನೋಡಿ ನಕ್ಕ. "ಸಾರ್, ಒಳಗಿನ ಚಿಪ್ಪೇ ಹಳೇದರ ಎದುರಾಳಿ ಕಂಪನೀದು. ಅದಕ್ಕೂ ಇದಕ್ಕೂ ಎಣ್ಣೆ ಸೀಗೆಕಾಯಿ." ಅದರ ಭಾಷೆ ಇದಕ್ಕೆ ತಿಳಿಯದು, ಡೆಸ್ಕ್‌ಟಾಪಿನ ಮೂಲ ಬರಹವನ್ನೇ, ಅಂದರೆ ಅದರ ಕೋಡನ್ನೇ, ಸಾಲುಸಾಲಾಗಿ ತಿದ್ದಿ ಹೊಸದಾಗಿ ಕಟ್ಟಬೇಕು. ಗುರುಶಿಷ್ಯರು ಒಂದು ತಿಂಗಳು ಅವನ ಅಂಗಡಿಯಲ್ಲಿ ವಡೆ ತಿನ್ನುತ್ತ ಆ ತಪಸ್ಸಿಗೆ ಕೂತೆವು. ಮೊದಲ ವಾರ ಕಿಟಕಿಗಳೆಲ್ಲ ತಲೆಕೆಳಗಾಗಿ ತೆರೆದುಕೊಂಡವು. ಎರಡನೆಯ ವಾರ ಮೌಸನ್ನು ಬಲಕ್ಕೆಳೆದರೆ ಬಾಣ ಎಡಕ್ಕೋಡಿತು. ಮೂರನೆಯ ವಾರ ಎಲ್ಲ ಸರಿಯಾಯಿತೆಂದು ಹಿಗ್ಗಿ ಮಳವಳ್ಳಿಗೆ ಹೊತ್ತೊಯ್ದೆವು. ಈ ಚಿಪ್ಪು ಬಣ್ಣಗಳ ಅಂಕಿಯನ್ನು ಬಾಲದಿಂದ ಓದುತ್ತದೆಂಬುದು ಗೊತ್ತಿರಲಿಲ್ಲ. ಪರದೆಯ ಹಿನ್ನೆಲೆಯಲ್ಲಿದ್ದ ಅತ್ತೆಯ ಮುದ್ದಿನ ಹಸು ಕೆಂಪಿ, ಅಡಿಯಿಂದ ಮುಡಿಯವರೆಗೆ ಕಡುನೀಲಿಯಾಗಿ ನಿಂತಿತ್ತು.

"ಅಯ್ಯೋ, ನನ್ ಕೆಂಪಿಗೆ ಏನ್ರಲಾ ಮಾಡುದ್ರಿ!" ಎಂದು ಅತ್ತೆ ಕೂಗಿದ ರಭಸಕ್ಕೆ ಕೊಟ್ಟಿಗೆಯಲ್ಲಿದ್ದ ಅಸಲಿ ಕೆಂಪಿಯೂ 'ಅಂಬಾ' ಎಂದಿತು.

ನಾಲ್ಕನೆಯ ವಾರ ಕೆಂಪಿ ಕೆಂಪಾದಳು. ಗುಂಡಿ ಒತ್ತಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ಹಳೆಯ ಮನೆ ಇದ್ದ ಹಾಗೆಯೇ ಎದ್ದು ನಿಂತಿತು. "ಆ! ಇದು ನಮ್ಮನೆ ಕಣ್ಲಾ" ಎಂದು ಅತ್ತೆ ಬೆರಳು ಚಾಚಿದರು. ನಾನು ಬೀಗಿದೆ. ಬೆರಳು ಮಾತ್ರ ಚಾಚಿದಲ್ಲೇ ನಿಂತಿತು. ಅರ್ಧ ಗಂಟೆಯಾದರೂ ಒಂದಕ್ಷರ ಬೀಳಲಿಲ್ಲ.

"ಬರಾಕಿಲ್ಲ ಕಣ್ ಮಗ. ಮುಂದಿನ ಪದ ಮರ್ತೋಯ್ತು."

ಅವರ ಮುಖ ಸಣ್ಣಗಾಯಿತು. ಉಳಿದ ಐವತ್ತೇಳು ಪದಗಳು ಆ ಒಂದು ತಲೆಯಲ್ಲಿ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇರಲಿಲ್ಲ. ಭೌತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರ ಹೊಳೆದದ್ದು ನಸೀರನಿಗೆ. "ಅಮ್ಮ, ಹಳೇದ್ರಲ್ಲಿ ಗುಂಡಿ ಒತ್ತಿ ಏನ್ ಮಾಡ್ತಿದ್ರಿ?"

"ಏನ್ ಮಾಡಾದು? ಅದು ಏಳಾಕೆ ಒಂದೊತ್ತು ಬೇಕಿತ್ತು. ಎಲೆಯಡ್ಕೆ ಆಕ್ಕಂಡು ಕಡೇಗೆ ಬರ್ದಿದ್ದ ಪದವ ಗುನುಗ್ತಾ ಕುಂತಿರ್ತಿದ್ದೆ."

ನಾವು ಮನೆಯನ್ನು ಇಟ್ಟಿಗೆ ಬಿಡದೆ ಸಾಗಿಸಿದ್ದೆವು. ಜಗಲಿಯನ್ನು ಮರೆತು ಬಂದಿದ್ದೆವು! ಒಂದು ತಿಂಗಳು ಬೆವರು ಸುರಿಸಿ ಗಳಿಸಿದ ವೇಗವನ್ನು ನಸೀರ್ ಒಂದೇ ಸಾಲಿನಲ್ಲಿ ಹಾಳುಗೆಡವಿದ: ಎದ್ದೇಳುವ ಮುನ್ನ ಏಳು ನಿಮಿಷ ಸುಮ್ಮನಿರು. ನನ್ನ ವೃತ್ತಿಜೀವನದಲ್ಲಿ ಅಷ್ಟು ಲಜ್ಜಾಸ್ಪದವಾದ, ಅಷ್ಟು ಸರಿಯಾದ ಪರಿಹಾರವನ್ನು ನಾನು ಕಂಡಿಲ್ಲ.

ಅತ್ತೆ ಗುಂಡಿ ಒತ್ತಿದರು. ಕಪ್ಪು ಪರದೆಯ ಮುಂದೆ ಎಲೆಗೆ ಸುಣ್ಣ ಸವರಿ, ಅಡಿಕೆ ಬಾಯಿಗೆಸೆದು, ನೂರ ನಲವತ್ತಮೂರನೆಯ ಪದ ಗುನುಗತೊಡಗಿದರು. ಅದು ಮುಗಿಯುವ ಹೊತ್ತಿಗೆ, ಅದರ ಬಾಲ ಹಿಡಿದು ಮುಂದಿನದು ತಾನಾಗಿ ಬಂತು. ಪರದೆಯಲ್ಲಿ ಕೆಂಪಿ ಎದ್ದಳು, ಬೆರಳು ನಡೆಯಿತು. ನನ್ನ ಕಣ್ಣು ಒದ್ದೆಯಾಯಿತು. ಸುಣ್ಣದ ಘಾಟು ಎಂದೆ, ಯಾರೂ ನಂಬಲಿಲ್ಲ. ಮದುವೆಗೆ ಮೂರು ದಿನ ಇರುವಾಗ ಇನ್ನೂರನೆಯದೂ ಇಳಿಯಿತು.

ಮೊನ್ನೆ ನಮ್ಮ ಉಪ್ಪಿನ ಡಬ್ಬಿ ತುಕ್ಕು ಹಿಡಿದು ತಳ ಬಿಟ್ಟಿತು. ಫಳಫಳ ಹೊಳೆಯುವ ಸ್ಟೀಲ್ ಡಬ್ಬಿ ತಂದು, ತೊಳೆದು, ಒರೆಸಿ, ಉಪ್ಪು ತುಂಬಿದೆ. ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ಚೀಟಿ ತೆಗೆದುಕೊಂಡು, ದಪ್ಪಕ್ಷರದಲ್ಲಿ, ಕಾಗುಣಿತ ತಪ್ಪದಂತೆ, 'ಸಕ್ಕರೆ' ಎಂದು ಬರೆದು ಅಂಟಿಸಿದೆ.