ಮಾವ್ಶಿ ಕೈ ಬಿಟ್ಟ ಮಧ್ಯಾಹ್ನ

ಮೊನ್ನೆ ಪಾರ್ಲರ್‌ನಲ್ಲಿ ಪಕ್ಕದ ಕುರ್ಚಿಯವಳ ಕೂದಲಿಗೆ ಗುಂಗುರು ಮಾಡುವ ಲೋಷನ್ ಹಚ್ಚುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದ ದೋಹಾ, ಓಲ್ಡ್ ಏರ್‌ಪೋರ್ಟ್ ಕಡೆಯ ನಮ್ಮ ಫ್ಲ್ಯಾಟು, ಮಾವ್ಶಿಯ ಬೆರಳುಗಳು... ಎಲ್ಲ ಒಟ್ಟಿಗೇ ನುಗ್ಗಿ ಬಂದವು.

ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಮ್ಮ. ಅವಳು ಮಮ್ಮಿಯ ತಂಗಿಯೇನಲ್ಲ, ಉಡುಪಿ ಕಡೆಯ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು. ಲೇಡೀಸ್ ಸಲೂನಿನಲ್ಲಿ ಕೆಲಸ, ಮದುವೆಯಾಗಿರಲಿಲ್ಲ, ನಮ್ಮ ಫ್ಲ್ಯಾಟಿನ ಇನ್ನೊಂದು ರೂಮಿನಲ್ಲಿದ್ದಳು. ಇಬ್ಬರಿಗೂ ಮೀನು ಹುರಿಯುವುದರಲ್ಲೂ ಪೈಪೋಟಿ, ಹಾಡುವುದರಲ್ಲೂ ಪೈಪೋಟಿ. ಬಿಟ್ಟಿರಲಿಕ್ಕೂ ಆಗದು, ಕೂಡಿರಲಿಕ್ಕೂ ಆಗದು!

ಒಂದು ವಾರ ವೀಡಿಯೊ ಅಂಗಡಿಯಿಂದ ಹಳೆಯ ಕಪ್ಪು ಬಿಳುಪು ಹಾಲಿವುಡ್ ಸಿನಿಮಾ ತಂದರು. ಬಾಲ್ಯದಿಂದ ಮುಪ್ಪಿನವರೆಗೂ ಜೊತೆಗಿದ್ದು ಒಬ್ಬರ ಮೇಲೊಬ್ಬರು ಹೊಟ್ಟೆ ಉರಿದುಕೊಳ್ಳುವ ಇಬ್ಬರು ಗೆಳತಿಯರ ಕಥೆ. ಒಬ್ಬಳು ಇನ್ನೊಬ್ಬಳ ಕೆನ್ನೆಗೆ ಬಾರಿಸುವ ದೃಶ್ಯವನ್ನು ಇಬ್ಬರೂ ತಿರುಗಿಸಿ ತಿರುಗಿಸಿ ನೋಡಿದರು.

“ಹೊಡೆಯುವವಳು ನಾನು, ಹೊಡೆಸಿಕೊಳ್ಳುವವಳು ನೀನು,” ಎಂದಳು ಮಾವ್ಶಿ.

“ಕನಸು ಕಾಣು ಮಾರಾಯ್ತಿ!” ಎಂದು ಮಮ್ಮಿ ನಕ್ಕಳು.

ಆಮೇಲೆ ಒಬ್ಬಳ ಮಗಳು ಇನ್ನೊಬ್ಬಳ ಮಡಿಲಿಗೆ ಬಿದ್ದು ಅಳುವ ದೃಶ್ಯ ಬಂತು. ನಾನು ಆಗ ಮಾವ್ಶಿಯ ಮಡಿಲಲ್ಲೇ ತಲೆಯಿಟ್ಟು ಮಲಗಿದ್ದೆ. ಮಮ್ಮಿ ತಟ್ಟನೆ ಟಿವಿ ಆರಿಸಿದಳು. ಅಂದಿನಿಂದ ಅವಳ ಕಣ್ಣು ನನ್ನ ಮೇಲೇ.

ಮುಂದಿನ ಶುಕ್ರವಾರ ಮಧ್ಯಾಹ್ನ ಮಮ್ಮಿ ಸಾಮಾನು ತರಲು ಹೋಗಿದ್ದಾಗ ಮಾವ್ಶಿ ನನ್ನ ಉದ್ದ ಕೂದಲನ್ನು ಕಿವಿಯವರೆಗೆ ಕತ್ತರಿಸಿದಳು. ತಲೆ ತುಂಬ ಹೇನು. ಆದರೆ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಫಸ್ಟ್ ಕಮ್ಯೂನಿಯನ್ ದಿನ ಬಿಳಿ ಫ್ರಾಕು ಹಾಕಿ, ಹೂ ಮುಡಿಸಿ, ಫೋಟೊ ತೆಗೆಸಬೇಕೆಂದು ಮಮ್ಮಿ ಬೆಳೆಸಿದ್ದ ಕೂದಲು ಅದು.

ಮಮ್ಮಿ ಬಾಗಿಲಲ್ಲೇ ಚೀಲ ಬಿಟ್ಟು ಬಂದು ಮಾವ್ಶಿಯ ಕೆನ್ನೆಗೆ ಬಾರಿಸಿದಳು. ಮಾವ್ಶಿ ತಿರುಗಿ ಬಾರಿಸಿದಳು. ಮಮ್ಮಿ ಅವಳ ಜಡೆ ಹಿಡಿದೆಳೆದು ತಲೆಯನ್ನು ಫ್ರಿಜ್ಜಿಗೆ ಗುದ್ದಿಸಿದಳು. ಮಾವ್ಶಿ ದೂಡಿದ ರಭಸಕ್ಕೆ ಮಮ್ಮಿ ಗಾಜಿನ ಟೀಪಾಯಿಯ ಮೇಲೆ ಬಿದ್ದಳು. ಗಾಜು ಒಡೆಯಿತು, ಮೊಣಕೈ ಸೀಳಿತು, ಕಾರ್ಪೆಟ್ಟೆಲ್ಲ ರಕ್ತ. ಅಯ್ಯೋ, ಅಷ್ಟಕ್ಕೂ ನಿಲ್ಲಲಿಲ್ಲ! ಮಾವ್ಶಿ ಮಮ್ಮಿಯ ಎದೆಯ ಮೇಲೆ ಕೂತು ಕುತ್ತಿಗೆ ಹಿಸುಕತೊಡಗಿದಳು. ಮಮ್ಮಿಯ ಮುಖ ಕಪ್ಪಿಟ್ಟಿತು. ನಾನು ಕಿರುಚುತ್ತಿದ್ದೆ. ಡ್ಯಾಡಿ ಡ್ಯೂಟಿಯಲ್ಲಿದ್ದರು.

“ಹೆರದವಳು ನೀನು...” ಮಮ್ಮಿಯ ಗಂಟಲಿನಿಂದ ಹೇಗೋ ಮಾತು ಹೊರಟಿತು. “ನಿನಗೆಂತ ಗೊತ್ತು ಮಕ್ಕಳ ವಿಷಯ?”

ಮಾವ್ಶಿಯ ಕೈ ಸಡಿಲವಾಯಿತು. ಅವಳು ಗೋಡೆಗೊರಗಿ ಕೂತುಬಿಟ್ಟಳು. ಮಮ್ಮಿ ಎದ್ದು ಚಪ್ಪಲಿ ತೆಗೆದುಕೊಂಡು ಅವಳ ಮುಖಕ್ಕೆ, ಭುಜಕ್ಕೆ ಹೊಡೆದಳು. ಮೂಗಿನಿಂದ ರಕ್ತ ಇಳಿಯುತ್ತಿದ್ದರೂ ಮಾವ್ಶಿ ಕೈ ಎತ್ತಲಿಲ್ಲ.

“ಖಲಾಸ್,” ಎಂದಳು, ಅಷ್ಟೇ.

ಸಂಜೆ ಸೂಟ್‌ಕೇಸ್ ಹಿಡಿದು ಹೊರಟಾಗ ನನ್ನ ಹತ್ತಿರ ಬಗ್ಗಿ, “ಮುಂದಿನ ವಾರ ಇನ್ನೊಂದು ಸಲ ಹೇನಿನ ಮದ್ದು ಹಾಕಬೇಕು ಮಗಾ, ಮಮ್ಮಿಗೆ ನೆನಪು ಮಾಡು,” ಎಂದಳು. ಅವಳು ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾನು ಎಷ್ಟೋ ದಿನ ಮಮ್ಮಿಯ ಕೈಯಿಂದ ಉಣ್ಣಲಿಲ್ಲ...

ಕಳೆದ ವರ್ಷ ಊರಿನಲ್ಲಿ ಮಾವ್ಶಿ ತೀರಿಕೊಂಡಳು. ಬರುವುದೇ ಇಲ್ಲವೆಂದು ಹಟ ಹಿಡಿದಿದ್ದ ಮಮ್ಮಿ ಕೊನೆಗೆ ನನ್ನ ಜೊತೆ ಬಂದಳು. ಶವಪೆಟ್ಟಿಗೆ ಮುಚ್ಚುವ ಹೊತ್ತಿಗೆ ಜನರನ್ನು ತಳ್ಳಿಕೊಂಡು ಮುಂದೆ ಹೋಗಿ, ಅದರ ಅಂಚಿಗೆ ಮುಷ್ಟಿಯಿಂದ ಗುದ್ದತೊಡಗಿದಳು.

“ಏಳೇ! ಎದ್ದು ಹೊಡಿಯೇ! ಆವತ್ತು ಯಾಕೆ ಕೈ ಬಿಟ್ಟದ್ದು ನೀನು?”

ಬೆರಳಿನ ಗಂಟುಗಳ ಚರ್ಮ ಕಿತ್ತುಬರುವವರೆಗೂ ಗುದ್ದಿದಳು. ಅವರು ಬಡಿದಾಡಿದ್ದು ನನಗಾಗಿ ಎಂದು ಇಷ್ಟು ವರ್ಷ ನಂಬಿದ್ದೆ. ಪಕ್ಕದಲ್ಲೇ ನಿಂತಿದ್ದ ನನ್ನ ನೆನಪೇ ಮಮ್ಮಿಗಿರಲಿಲ್ಲ.

ಈಗ ಅವಳು ಯಾರ ಜೊತೆಗೂ ಜಗಳ ಆಡುವುದಿಲ್ಲ. ನಾನು ಬೇಕೆಂದೇ ಕೆಣಕುತ್ತೇನೆ. “ಹೋಗಲಿ ಬಿಡು,” ಅನ್ನುತ್ತಾಳೆ.