ಗೆರೆ ಮೇಷ್ಟ್ರು ತಿದ್ದಿದ ಚಿತ್ರ

ಮುದ್ರಣಾಲಯದಲ್ಲಿ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವರನ್ನು ಎಲ್ಲರೂ ಗೆರೆ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರೇನಲ್ಲ, ಅವರೆಳೆದ ಗೆರೆ ಕೂದಲೆಳೆಯಷ್ಟೂ ಸೊಟ್ಟಗಾಗುತ್ತಿರಲಿಲ್ಲ, ಅಷ್ಟೇ. ಜಂಬ ಮಾತ್ರ ಬೆಟ್ಟದಷ್ಟು. ಅದು ಇಳಿದ ಬಗೆಯನ್ನು ಅವರೇ ಕಂಡಕಂಡವರಿಗೆ ಹೇಳಿಕೊಂಡು ನಗುತ್ತಿದ್ದರು.

ಒಮ್ಮೆ ಕಾಲೇಜಿನ ಉಪನ್ಯಾಸಕಿಯೊಬ್ಬರ ರಸಾಯನಶಾಸ್ತ್ರದ ಪುಸ್ತಕ ಅಚ್ಚಿಗೆ ಬಂತು. ಪುಟದ ತುಂಬ ಜೇನುಗೂಡಿನ ಕಣ್ಣಿನಂಥ ಆರು ಮೂಲೆಯ ಆಕೃತಿಗಳು. ಒಂದು ಚಿತ್ರದಲ್ಲಿ ಒಂದು ಗೆರೆ ಶುರುವಿನಲ್ಲಿ ಸಣ್ಣಗಿದ್ದು ತುದಿಗೆ ದಪ್ಪವಾಗಿತ್ತು. ‘ಪಾಪ, ಶಾಯಿ ಹರಡಿದೆ’ ಎಂದು ಮೇಷ್ಟ್ರು ಅದನ್ನು ಸರಿಮಾಡಿದರು. ಪಕ್ಕದ ಚಿತ್ರದಲ್ಲಿ ಅದೇ ಗೆರೆ ತುಂಡುತುಂಡಾಗಿತ್ತು, ಅದನ್ನೂ ಜೋಡಿಸಿದರು. ಈಗ ನೋಡಿದರೆ ಎರಡೂ ಒಂದೇ! ‘ಓದಿದವರಿಗೆ ಮರೆವು ಜಾಸ್ತಿ’ ಎಂದುಕೊಂಡು ಒಂದನ್ನು ತೆಗೆದೇಹಾಕಿದರು. ಮೂಲೆಗಳು ಬೋಳುಬೋಳಾಗಿ ಕಂಡವೆಂದು ಅಂದಕ್ಕೆಂದು ಒಂದೊಂದು ಚುಕ್ಕಿಯನ್ನೂ ಇಟ್ಟರು.

ಪ್ರೂಫ್ ನೋಡಲು ಬಂದ ಉಪನ್ಯಾಸಕಿ ಕುರ್ಚಿಯಲ್ಲಿ ಕುಸಿದು ಕುಳಿತರು.

“ಸರ್, ಅವು ಎರಡು ಬೇರೆಬೇರೆ ಅಣುಗಳ ಚಿತ್ರ. ಒಂದು ಪುದೀನದ ವಾಸನೆಯದು, ಇನ್ನೊಂದು ಜೀರಿಗೆ ಜಾತಿಯ ಕಾಳಿನದು. ಜೀರಿಗೇನ ಎಲ್ಲಿ ಹಾಕಿದ್ರಿ?”

“ಎರಡೂ ಒಂದೇ ಥರ ಇದ್ವಲ್ಲಮ್ಮ?”

“ಒಂದೇ ಥರ ಮಾಡಿದ್ದು ನೀವು! ದಪ್ಪಗಾಗೋ ಗೆರೆ ಅಂದ್ರೆ ಕಾಗದದಿಂದ ನಮ್ಮ ಕಡೆಗೆ ಬರ್ತಿದೆ ಅಂತ. ತುಂಡು ಗೆರೆ ಹಿಂದಕ್ಕೆ ಹೋಗ್ತಿದೆ ಅಂತ.”

ಅವರು ಹಾಳೆಯ ಮೇಲೊಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಮೇಜಿನ ಕೆಳಗೆ ಹಿಡಿದರು. ಅದನ್ನು ನೋಡಲು ಬಗ್ಗಿದ ಮೇಷ್ಟ್ರ ಹಣೆ ಮೇಜಿನ ಅಂಚಿಗೆ ಟಪ್ಪೆಂದು ಬಡಿಯಿತು.

“ಮೂಲೆಗಳು ಖಾಲಿ ಇದ್ವಲ್ಲ?” ಎಂದರು ಹಣೆ ಉಜ್ಜಿಕೊಳ್ಳುತ್ತ.

“ಖಾಲಿ ಅಲ್ಲ ಸರ್, ಅಲ್ಲೆಲ್ಲ ಕಾರ್ಬನ್ ಇದೆ. ಎಲ್ಲರಿಗೂ ಗೊತ್ತು ಅಂತ ಬರೆಯಲ್ಲ. ಚುಕ್ಕಿ ಇಟ್ರೆ ಅರ್ಥಾನೇ ಬೇರೆ.”

ಮನೆಯಲ್ಲಿ ಇದನ್ನು ಹೇಳಿದರೆ ಹೆಂಡತಿ ನಕ್ಕರು. “ಹೆಸರು ಬರೀದಿದ್ರೂ ಮೂಲೆಮೂಲೇಲಿ ದುಡೀತಿರ್ತಾರೆ ಅಂತ ತಿಳಿಯೋಕೆ ನಿಮಗೆ ರಸಾಯನಶಾಸ್ತ್ರ ಬೇಕಾಯ್ತಾ? ನಾನು ಕಾಣಿಸ್ಲಿಲ್ವಾ?”

ಮೇಷ್ಟ್ರು ಎದ್ದು ತಟ್ಟೆ ತೊಳೆದಿಟ್ಟರು. ಮರುದಿನದಿಂದ ಅಷ್ಟೂ ಚಿತ್ರಗಳನ್ನು, ಒಂದೊಂದು ಗೆರೆಯನ್ನೂ ಉಪನ್ಯಾಸಕಿಯನ್ನು ಕೇಳಿಕೇಳಿಯೇ, ಹೊಸದಾಗಿ ಬರೆದರು. ಪುಸ್ತಕ ತಪ್ಪಿಲ್ಲದೆ ಬಂತು.

ಮುಂದೆ ಬಂದದ್ದು ಟೈಲರೊಬ್ಬರ ಹೊಲಿಗೆ ಪುಸ್ತಕ. ಅಂಗಿಯ ಚಿತ್ರದಲ್ಲಿ ತೋಳಿನ ಗೆರೆ ತುಂಡುತುಂಡಾಗಿತ್ತು. ಈ ಸಲ ಮೇಷ್ಟ್ರು ಮುಟ್ಟಲಿಲ್ಲ, ಗಂಭೀರವಾಗಿ ಕೇಳಿದರು: “ಈ ತೋಳು ಕಾಗದದ ಹಿಂದಕ್ಕೆ ಹೋಗ್ತಿದೆ, ಅಲ್ವೇ?”

ಟೈಲರ್ ಅವರನ್ನೇ ಪಿಳಿಪಿಳಿ ನೋಡಿದರು. “ಇಲ್ಲ ಸ್ವಾಮಿ, ನನ್ನ ಪೆನ್ನು ಸರಿಯಾಗಿ ಬರೀತಿರ್ಲಿಲ್ಲ.”