ಹೊಲಿಗೆ ಕಲಿತದ್ದೆಲ್ಲಿ

ಗಿರಿಜಾಂಬ ಹೊಲಿಗೆ ಕಲಿತದ್ದು ಚನ್ನಪಟ್ಟಣದ ಒಂದು ಮಸೀದಿಯ ಪಕ್ಕ, ತಗಡಿನ ಶೆಡ್ಡಿನಲ್ಲಿ. ಇದನ್ನು ಅವಳು ನಾಲ್ಕು ವರ್ಷ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಲಿಲ್ಲ ಅಂತಲ್ಲ. ಕೇಳಿದಾಗೆಲ್ಲ ಬೇರೆ ಏನೋ ಹೇಳಿದ್ದಳು.

ಅವಳ ಗಂಡ ಪ್ರಭುಲಿಂಗನಿಗೆ ಮೈಸೂರು ರಸ್ತೆಯ ಮೇಲೆ ಬೊಂಬೆ ಅಂಗಡಿ ಇತ್ತು. ಕಾರು ನಿಲ್ಲಿಸಿದವರಿಗೆ ಬುಗುರಿ, ಗಿಲಕಿ, ಅರಗಿನ ಬಣ್ಣದ ಬಳೆ ಮಾರಿಕೊಂಡು ಸಂಸಾರ ಹೇಗೋ ನಡೆಯುತ್ತಿತ್ತು. ರಸ್ತೆ ಅಗಲ ಮಾಡುವಾಗ ಅಂಗಡಿಯ ಮುಂಭಾಗ ಪೂರ್ತಿ ಹೋಯಿತು. ಉಳಿದ ಜಾಗದಲ್ಲಿ ಒಂದು ಕುರ್ಚಿ ಹಾಕಿದರೆ ಮನುಷ್ಯ ಹೊರಗೆ ನಿಲ್ಲಬೇಕು. ಪ್ರಭುಲಿಂಗ ಪರಿಹಾರಕ್ಕೆಂದು ಆಫೀಸಿನಿಂದ ಆಫೀಸಿಗೆ ಅಲೆದು ಅಲೆದು ಸೋತ. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವನು ಊಟಕ್ಕೆ ಕರೆದರೂ ಏಳದಾದ. ಮನೆಯಲ್ಲಿ ಅತ್ತೆ ಶಿವಲಿಂಗಮ್ಮ, ಸ್ಕೂಲಿಗೆ ಹೋಗುವ ಮಗಳು ರಕ್ಷಿತಾ. ನೆಂಟರೆಲ್ಲ ಬಂದು ಅಯ್ಯೋ ಪಾಪ ಅಂದು, ಕಾಫಿ ಕುಡಿದು ಹೋದರು.

ಅಂಗಡಿಗೆ ಬೊಂಬೆ ಕಡೆದು ಕೊಡುತ್ತಿದ್ದ ಮುದುಕ ಸಾಬರೊಬ್ಬರು ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದರು: “ನಮ್ಮ ಮಸೀದಿ ಕಮಿಟಿಯೋರು ಹೆಂಗಸರ್ಗೆ ಹೊಲ್ಗೆ ಕಲಿಸ್ತವ್ರೆ ತಾಯಿ. ಫೀಸು ಇಲ್ಲ. ಜಾತಿಗೀತಿ ಕೇಳಾಕಿಲ್ಲ. ಮನಸ್ಸಿದ್ರೆ ಬನ್ನಿ.”

ಶುಕ್ರವಾರದ ನಮಾಜಿಗೆ ಬಂದವರು ಕೊಟ್ಟದ್ದನ್ನು ಕೂಡಿಸಿ ಕಮಿಟಿಯವರು ವಿಧವೆಯರಿಗೆ ರೇಷನ್ ಕೊಡುತ್ತಿದ್ದರು, ದಿಕ್ಕಿಲ್ಲದೆ ಸತ್ತವರನ್ನು ಮಣ್ಣು ಮಾಡುತ್ತಿದ್ದರು. ಜೊತೆಗೆ ಈ ಶೆಡ್ಡು, ಅದರಲ್ಲಿ ಏಳು ಹೊಲಿಗೆ ಮಿಷನ್ನು. ಗಿರಿಜಾಂಬ ಅತ್ತೆಗೆ “ಪೇಟೇಲಿ ಟೈಲರಿಂಗ್ ಕ್ಲಾಸು” ಎಂದಷ್ಟೇ ಹೇಳಿ ಹೊರಟಳು. ಗುರುತಿನವರು ಕಂಡಾರೆಂದು ಸುತ್ತುದಾರಿ ಹಿಡಿದಳು. ಮಸೀದಿಯ ಗಲ್ಲಿ ತಿರುಗುವಾಗ ಸೆರಗನ್ನು ಹಣೆವರೆಗೂ ಎಳೆದುಕೊಂಡಳು.

ಕಲಿಸುತ್ತಿದ್ದವಳು ಕರೀಮುನ್ನೀಸಾ. ಐವತ್ತು ದಾಟಿದ ಹೆಂಗಸು. ಎಲ್ಲರೂ ಅವಳನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು. ಹೊಲಿಗೆ ಒಂದು ನೂಲಿನಷ್ಟು ಸೊಟ್ಟಗಿದ್ದರೂ “ಬಿಚ್ಚು” ಅನ್ನುತ್ತಿದ್ದಳು, ಅಷ್ಟೇ. ಗಿರಿಜಾಂಬ ಒಂದೇ ಕಾಲರನ್ನು ಹನ್ನೊಂದು ಸಲ ಬಿಚ್ಚಿದ್ದುಂಟು. ಆರು ತಿಂಗಳಲ್ಲಿ ಕೈ ಕುದುರಿತು. ಆಗ ಬಿಡದಿ ಕಡೆಗೆಲ್ಲ ರಾಗಿ ಹೊಲಗಳಿಗೆ ಕಾಂಪೌಂಡು ಏಳುತ್ತಿದ್ದ ಕಾಲ. ರಾಮನಗರದಾಚೆ ಹೊಸದಾಗಿ ಬಂದ ಗಾರ್ಮೆಂಟ್ಸಿನಲ್ಲಿ ಟೈಲರ್‌ಗಳು ಬೇಕಂತೆ ಎಂದು ಸುದ್ದಿ ತಂದವಳೂ ಆಪಾನೇ. ಮೊದಲ ಸಂಬಳ ಕೈಗೆ ಬರುವವರೆಗೆ ಬಸ್ಸಿನ ಖರ್ಚನ್ನೂ ಕಮಿಟಿ ಕೊಟ್ಟಿತು.

ಫ್ಯಾಕ್ಟರಿಯಲ್ಲಿ ಮೊದಲ ದಿನ ಮ್ಯಾನೇಜರು ಅವಳ ಕಾಲರ್ ತಿರುಗಿಸಿ ನೋಡಿ, “ಎಲ್ಲಮ್ಮಾ ಕಲ್ತಿದ್ದು?” ಎಂದ.

ಪಕ್ಕದಲ್ಲಿ ಊರ ಕಡೆಯ ಹೆಂಗಸರು ನಿಂತಿದ್ದರು. “ಮೈಸೂರಲ್ಲಿ ಸಾರ್, ನಮ್ಮ ಚಿಕ್ಕಮ್ಮನ ಮನೇಲಿ” ಎಂದುಬಿಟ್ಟಳು.

ಸುಳ್ಳಿಗೂ ಒಂದು ಬಾಳುವೆ ಇರುತ್ತದೆ. ಇಲ್ಲದ ಆ ಚಿಕ್ಕಮ್ಮನಿಗೆ ಬರಬರುತ್ತ ಒಂದು ಹೆಸರಾಯಿತು, ಒಂದು ಟೈಲರಿಂಗ್ ಅಂಗಡಿಯಾಯಿತು, ಸಕ್ಕರೆ ಕಾಯಿಲೆಯೂ ಬಂತು. ಗಿರಿಜಾಂಬನ ಕೆಲಸ ಅಚ್ಚುಕಟ್ಟು. ಮೂರು ವರ್ಷ ತುಂಬುವುದರಲ್ಲಿ ಲೈನಿಗೆ ಸೂಪರ್‌ವೈಸರ್ ಆದಳು. ಪ್ರಭುಲಿಂಗನೂ ಒಂದು ಗೋಡೌನಿನಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರಿಕೊಂಡ. ಮಸೀದಿಯ ಗಲ್ಲಿಗೆ ಅವಳು ಮತ್ತೆ ಕಾಲಿಡಲಿಲ್ಲ. ಟೈಮಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

2006ರ ಶ್ರಾವಣದಲ್ಲಿ ದೊಡ್ಡ ಆರ್ಡರು ಬಂತು. ಹೊಸಬರನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳಲು ಗಿರಿಜಾಂಬನನ್ನೂ ಇನ್ನೊಬ್ಬ ಸೂಪರ್‌ವೈಸರ್ ರಾಧಾಮಣಿಯನ್ನೂ ಗೇಟಿನ ಪಕ್ಕದ ರೂಮಿಗೆ ಹಾಕಿದರು. ಹನ್ನೊಂದು ಗಂಟೆ ಹೊತ್ತಿಗೆ ಬುರ್ಖಾ ಹಾಕಿಕೊಂಡ ನಾಲ್ವರು ಹೆಂಗಸರು ಒಳಗೆ ಬಂದರು. ಅವರ ಹಿಂದೆ ಕನ್ನಡಕ ಒರೆಸಿಕೊಳ್ಳುತ್ತ ಬಂದವಳು ಆಪಾ.

“ಅರೇ, ಗಿರಿಜಾ!” ಆಪಾನ ಮುಖ ಅರಳಿಹೋಯಿತು. “ನೀನು ಇನ್ನೂ ಇಲ್ಲೇ ಇದ್ದೀಯಾ? ನೋಡ್ರೇ, ನಮ್ಮ ಗಿರಿಜಾ!”

ರಾಧಾಮಣಿ ಹುಬ್ಬೇರಿಸಿದಳು. “ಈಯಮ್ಮ ನಿಂಗ್ ಗೊತ್ತೇನೇ?”

ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಚಿಕ್ಕಮ್ಮ, ಅವಳ ಅಂಗಡಿ, ಮನೆಯಲ್ಲಿ ಇಷ್ಟಲಿಂಗ ಕೈಯಲ್ಲಿ ಹಿಡಿದು ಕೂತ ಅತ್ತೆ, ಎಲ್ಲ ಕಣ್ಣ ಮುಂದೆ ಬಂತು.

“ಇಲ್ಲ ಕಣೆ. ಯಾರೋ ಏನೋ” ಎಂದಳು ಗಿರಿಜಾಂಬ.

ಆಪಾ ಅವಳನ್ನೇ ನೋಡಿದಳು. ಆಮೇಲೆ ಕನ್ನಡಕ ಏರಿಸಿಕೊಂಡು ಮೆಲ್ಲಗೆ, “ತಪ್ಪಾಯ್ತು ಮೇಡಂ” ಎಂದಳು. “ನಮ್ಮ ಹುಡುಗಿ ತರ ಕಾಣಿಸಿದ್ರಿ. ಕಣ್ಣು ಸರಿ ಕಾಣಾಕಿಲ್ಲ ನಂಗೆ.”

ಎಲ್ಲರಿಗೂ ಒಂದೊಂದು ಕಾಲರ್ ಹೊಲಿಯಲು ಕೊಟ್ಟರು. ನಾಲ್ವರಲ್ಲಿ ರೋಶನ್ ಬೀ ಎಂಬ ವಿಧವೆ ಹೊಲಿದದ್ದನ್ನು ಕೈಗೆ ತೆಗೆದುಕೊಂಡ ಗಿರಿಜಾಂಬ ಅದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಮೂಲೆ ತಿರುಗಿಸಿದ ರೀತಿ, ಕೊನೆಯಲ್ಲಿ ಹಿಂದಕ್ಕೆ ಹಾಕಿದ ಒಂದೇ ಒಂದು ಹೊಲಿಗೆ, ಎಲ್ಲ ತನ್ನದೇ ಕೈ. ಆದರೆ ರಾಧಾಮಣಿ ಕಾಲರ್ ನೋಡಲಿಲ್ಲ, ರೋಶನ್ ಬೀಯ ಬೆರಳು ನೋಡಿದಳು. ರೇಷ್ಮೆ ಬಿಚ್ಚುವ ಶೆಡ್ಡಿನಲ್ಲಿ ಹತ್ತು ವರ್ಷ ಕುದಿನೀರಿಗೆ ಅದ್ದಿದ ಬೆರಳು. ತುದಿಯೆಲ್ಲ ಬಿಳಿಚಿ, ಬಿರುಕುಬಿಟ್ಟಿದ್ದವು.

“ಈ ಕೈ ತಾಗುದ್ರೆ ಪೀಸೆಲ್ಲ ಕಲೆ ಆಯ್ತದೆ. ಬ್ಯಾಡಮ್ಮ” ಎಂದಳು ರಾಧಾಮಣಿ. ಉಳಿದ ಮೂವರ ಮುಖ ನೋಡಿ, “ನಮಾಜು ಗಿಮಾಜು ಅಂತ ಎದ್ದೋದ್ರೆ ಟಾರ್ಗೆಟ್ ಯಾರು ಮಾಡ್ತಾರೆ? ನೀವೂ ಇನ್ನೊಂದ್ ಸಲ ನೋಡನ” ಎಂದಳು. ಗಿರಿಜಾಂಬನ ಕಡೆ ತಿರುಗಿ, “ಏನಂತೀಯ?”

ಗಿರಿಜಾಂಬ ರಿಜಿಸ್ಟರಿನಲ್ಲಿ ಏನೋ ಬರೆಯುವವಳ ಹಾಗೆ ತಲೆ ತಗ್ಗಿಸಿದಳು. ಐವರೂ ಬಿಸಿಲಿನಲ್ಲಿ ಬಸ್ ಸ್ಟಾಪಿನ ಕಡೆ ನಡೆದುಹೋದರು.

ಅಂದಿನಿಂದ ಅವಳಿಗೆ ಅನ್ನ ಸೇರದಾಯಿತು. ಲೈನಿನಲ್ಲಿ ಯಾರಾದರೂ ‘ಮೇಡಂ’ ಎಂದರೆ ಕೆನ್ನೆಗೆ ಬಾರಿಸಿದಂತಾಗುತ್ತಿತ್ತು. ಬೇರೆಯವರು ಮಾಡಿದ ಅವಮಾನವಾಗಿದ್ದರೆ ಬೈದು ಮರೆಯಬಹುದಿತ್ತು. ಇದು ತಾನೇ ಮಾಡಿದ್ದು. ಅದನ್ನು ಮುಚ್ಚಿಡಲೂ ಆಪಾನೇ ಕೈಜೋಡಿಸಿದ್ದಳು, ಕಣ್ಣು ಕಾಣಿಸುವುದಿಲ್ಲ ಎಂದು ತನ್ನ ಮೇಲೆ ಹಾಕಿಕೊಂಡು.

ಮೂರನೆಯ ಭಾನುವಾರ ತಡೆಯಲಾರದೆ ಶೆಡ್ಡಿಗೆ ಹೋದಳು. ಸುತ್ತುದಾರಿ ಹಿಡಿಯಲಿಲ್ಲ. ಆಪಾ ಒಬ್ಬಳೇ ಕೂತು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಳು. ಕಂಡವಳೇ ಸ್ಟೂಲು ಎಳೆದಳು, ಟೀ ತರಿಸಿದಳು, ರಕ್ಷಿತಾ ಎಷ್ಟನೇ ಕ್ಲಾಸು ಎಂದು ವಿಚಾರಿಸಿದಳು.

“ಬೈಯಿರಿ ಆಪಾ, ಒಸಿ ಬೈಯಿರಿ” ಎಂದು ಗಿರಿಜಾಂಬ ಅತ್ತುಬಿಟ್ಟಳು.

“ಬೈದ್ರೆ ನಿನ್ ಭಾರ ಇಳೀತದೆ. ಅವಳಿಗೇನು ಬಂತು?” ಎಂದಳು ಆಪಾ, ಎಣ್ಣೆ ಬಿಡುವುದನ್ನು ನಿಲ್ಲಿಸದೆ. “ನಂಗೆ ಬೇಜಾರಾಗಿತ್ತು, ಇಲ್ಲ ಅನ್ನಲ್ಲ. ಆದ್ರೆ ಕೆಲ್ಸ ಹೋಗಿದ್ದು ರೋಶನ್ ಬೀದು. ಹೇಳೋದಿದ್ರೆ ಅವಳಿಗೆ ಹೇಳು.”

ರೋಶನ್ ಬೀ ಮತ್ತೆ ರೇಷ್ಮೆ ಶೆಡ್ಡಿಗೇ ಹೋಗಿದ್ದಳು. ಹಬೆ, ಬೆಂದ ಹುಳುವಿನ ವಾಸನೆ, ನೀರಿನಲ್ಲಿ ಕುಣಿಯುವ ಗೂಡು. ಗಿರಿಜಾಂಬ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು: ತಾನೂ ಮಸೀದಿ ಶೆಡ್ಡಿನಲ್ಲೇ ಕಲಿತವಳು, ಬಾಯಿ ಬಿಡಬೇಕಾದಾಗ ಬಿಡಲಿಲ್ಲ, ಮ್ಯಾನೇಜರಿಗೆ ಹೇಳಿ ಹೇಗಾದರೂ ಸೇರಿಸುತ್ತೇನೆ.

ರೋಶನ್ ಬೀ ನೀರಿನಿಂದ ಕೈ ತೆಗೆಯಲಿಲ್ಲ. “ನೀವು ಅಲ್ಲಿ ಕಲ್ತೋರು ಅಂತ ನಂಗೆ ಅವತ್ತೇ ಗೊತ್ತಾಯ್ತು. ನನ್ ಕಾಲರ್ ತಿರುಗ್ಸಿ ತಿರುಗ್ಸಿ ನೋಡ್ತಿದ್ರಿ” ಎಂದಳು. “ನಾನು ಆ ಫ್ಯಾಕ್ಟರಿಗೆ ಬರಾಕಿಲ್ಲ. ನೀವು ಹೋಗಿ. ಓನರ್ ಬೈತಾರೆ.”

ಮರುದಿನ ಊಟದ ಹೊತ್ತಿಗೆ ಗಿರಿಜಾಂಬ ರಾಧಾಮಣಿಯ ಎದುರಿಗೆ ಡಬ್ಬಿ ಬಿಚ್ಚಿ ಕೂತಳು. ಸುತ್ತ ಹತ್ತು ಹನ್ನೆರಡು ಜನ ಇದ್ದರು. “ಮೈಸೂರಲ್ಲಿ ನಂಗ್ಯಾವ ಚಿಕ್ಕಮ್ಮನೂ ಇಲ್ಲ. ನಾನು ಹೊಲ್ಗೆ ಕಲ್ತಿದ್ದು ಮಸೀದಿ ಶೆಡ್ಡಲ್ಲಿ. ಅವತ್ತು ಬಂದಿದ್ದೋಳು ನಮ್ಮ ಟೀಚರು” ಎಂದಳು. ಯಾರೋ ಕಿಸಕ್ಕೆಂದರು. ರಾಧಾಮಣಿ ಮುಖ ಕೆಂಪಗೆ ಮಾಡಿಕೊಂಡು, “ಅವತ್ತೇ ಹೇಳಿದ್ರೆ ನಾನ್ಯಾಕೆ ಹಂಗೆ ಮಾತಾಡ್ತಿದ್ದೆ?” ಎಂದು ಎದ್ದುಹೋದಳು.

ಆ ಸಂಜೆ ಅತ್ತೆಗೂ ಹೇಳಿದಳು. ಶಿವಲಿಂಗಮ್ಮ ವಿಭೂತಿ ಗಟ್ಟಿಯನ್ನು ತಟ್ಟೆಯಲ್ಲಿಟ್ಟು ಸೊಸೆಯ ಕಡೆ ತಿರುಗಿದರು.

“ನಂಗೊತ್ತು ಕಣವ್ವ. ನೀನು ಕ್ಲಾಸಿಗೆ ಸೇರಿದ್ ವಾರಕ್ಕೇ ಆ ಬೊಂಬೆ ಸಾಬರು ಬಂದು, ನಿಮ್ಮ ಒಪ್ಗೆ ಐತಾ ತಾಯಿ ಅಂತ ಕೇಳಿದ್ರು. ಊಂ ಅಂದಿದ್ದೆ.”

“ಮತ್ತೆ ಇಷ್ಟು ವರ್ಸ ಯಾಕೆ ಸುಮ್ಕಿದ್ರಿ ಅತ್ತೆ?”

ಮುದುಕಿ ವಿಭೂತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನಮ್ಮೋರ ಮನೆ ಬಾಗ್ಲಿಗೆಲ್ಲ ಹೋಗಿ ಕೈಚಾಚಿದ್ದೆ ಕಣೆ, ನಿಂಗೂ ಗೊತ್ತಾಗ್ದಂಗೆ. ಯಾರೂ ಆಗ್ನಿಲ್ಲ. ಕೇಳ್ದೇ ಕೊಟ್ಟೋರು ಅವ್ರು. ಅದ್ನ ಬಾಯ್ಬಿಟ್ಟು ಹೇಳಾಕೆ ನಂಗೂ ನಾಚ್ಕೆ.”

ಗಿರಿಜಾಂಬನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಯಾರಿಗೆ ಹೆದರಿ ಸುಳ್ಳು ಹೇಳಿದಳೋ ಅವರಿಗೆ ಮೊದಲೇ ಗೊತ್ತಿತ್ತು. ಹಾಗಾದರೆ ಆ ನಾಲ್ವರು ಬಿಸಿಲಿನಲ್ಲಿ ವಾಪಸು ನಡೆದದ್ದು ಯಾತಕ್ಕೆ?

ಭಾನುವಾರಗಳಲ್ಲಿ ಅವಳು ಶೆಡ್ಡಿಗೆ ಹೋಗಿ, ಫ್ಯಾಕ್ಟರಿಯ ಕೆಲಸ ಹೇಗಿರುತ್ತದೆಂದು ಹೊಸಬರಿಗೆ ಕಲಿಸತೊಡಗಿದಳು. ಅವತ್ತು ವಾಪಸು ಹೋಗಿದ್ದವರಲ್ಲಿ ಇಬ್ಬರು ಮುಂದಿನ ವರ್ಷ ಅವಳ ಲೈನಿಗೇ ಸೇರಿದರು. ರೋಶನ್ ಬೀ ಮಾತ್ರ ಬರಲಿಲ್ಲ. ಕಮಿಟಿಯವರು ಅವಳಿಗೊಂದು ಮಿಷನ್ನು ಕೊಟ್ಟರು. ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಕೈ ಚೆನ್ನಾಗಿದೆ ಎಂದು ಹೆಸರಾಯಿತು.

ಒಂದು ದಿನ ಗಿರಿಜಾಂಬ ಅತ್ತೆಯ ರವಿಕೆ ಬಟ್ಟೆ ಹಿಡಿದುಕೊಂಡು ಅವಳ ಮನೆಗೆ ಹೋದಳು. ತಾನೇ ಹೊಲಿಯಬಹುದಿತ್ತು. ರೋಶನ್ ಬೀ ಬಟ್ಟೆ ತೆಗೆದುಕೊಂಡಳು, ಅಳತೆಯ ರವಿಕೆ ಕೇಳಿದಳು, “ಗುರುವಾರ ಬನ್ನಿ” ಎಂದಳು. ಬೆರಳುಗಳು ವಾಸಿಯಾಗುತ್ತಿದ್ದವು. ಒಳಗೆ ಚಾಪೆ ಹಾಸಿತ್ತು. ಬೇರೆ ಹೆಂಗಸರು ಅದರ ಮೇಲೆ ಕೂತು ಮಾತಾಡುತ್ತಿದ್ದರು. ರೋಶನ್ ಬೀ ಕೂತ್ಕೊಳ್ಳಿ ಅನ್ನಲಿಲ್ಲ. ಗಿರಿಜಾಂಬ ಹೊಸಿಲಿನಾಚೆ ನಿಂತೇ ಇದ್ದು, ಗುರುವಾರ ಬರುತ್ತೇನೆ ಎಂದು ಹೇಳಿ ಹೊರಟಳು.